ಹಳೇ ಮಾರುತಿ 800ಕ್ಕೆ ಪ್ಲಗ್ ಹಾಕುವಾಗ ನಾನು ನೋಡೋದು ಇಷ್ಟು

ನನ್ನದು ಕಾರ್ಬುರೇಟರ್ ಕಾಲದ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ. ಸ್ಪಾರ್ಕ್ ಪ್ಲಗ್, ಅಂದರೆ ಪೆಟ್ರೋಲ್‌ಗೆ ಕಿಡಿ ಹೊತ್ತಿಸುವ ಭಾಗ, ಅದರ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಅದೂ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂದು, ಬಿಸಿ ಇದ್ದಾಗ ಬಿಚ್ಚಿದರೆ ಥ್ರೆಡ್ಡೇ ಕಿತ್ತು ಬರಬಹುದು.

ದಾವಣಗೆರೆ ಪಿ.ಬಿ. ರೋಡಿನ ಕಡೆ ಪ್ಲಗ್ ಕೇಳಿದರೆ ಮೊದಲು ಇರಿಡಿಯಂ ಲೋಹದ ತುದಿಯ ಪ್ಲಗ್ ಮುಂದಿಡುತ್ತಾರೆ. ಬಾಳಿಕೆ ಜಾಸ್ತಿ, ನಿಜ. ಆದರೆ ಈ ಗಾಡಿಗೆ ಅದರಿಂದ ಪಿಕಪ್ ಬರುತ್ತದೆ ಅನ್ನೋದು ಸುಮ್ನೆ ಮಾತು. ನಾನು ಸಾದಾ ಪ್ಲಗ್ಗೇ ತಂದೆ. ಡಬ್ಬಿಯ ಮೇಲೆ ಎನ್‌ಜಿಕೆ ಬಿಪಿಆರ್6ಇಎಸ್-11 ಅಂತ ಇತ್ತು. ಅದರಲ್ಲಿ 6 ಅನ್ನೋದು ಹೀಟ್ ರೇಂಜ್, ಪ್ಲಗ್ ಎಷ್ಟು ಬೇಗ ಬಿಸಿ ಬಿಟ್ಟುಕೊಡುತ್ತದೆ ಅನ್ನೋ ಅಳತೆ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ಪ್ಲಗ್ ಕೂಲ್, ಬಾಷ್‌ನಲ್ಲಿ ಉಲ್ಟಾ, ಹಾಗಾಗಿ ಕಂಪನಿ ಬದಲಾಯಿಸುವಾಗ ನಂಬರ್ ಮಾತ್ರ ನೋಡಿ ತರಬೇಡಿ. ಇ ಅಂದರೆ ಥ್ರೆಡ್ ಉದ್ದ 19 ಮಿ.ಮೀ. ಇದಂತೂ ತಪ್ಪಲೇಬಾರದು, ಉದ್ದ ಜಾಸ್ತಿಯಾದರೆ ಪಿಸ್ಟನ್‌ಗೆ ಬಡಿಯಬಹುದು.

ಕೊನೆಯ 11 ಇದೆಯಲ್ಲ, ಅದು ಗ್ಯಾಪ್, ಕಿಡಿ ಹಾರುವ ಸಂದು. 1.1 ಮಿ.ಮೀ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಗೆ ಸರಿ, ನನ್ನದಕ್ಕೆ 0.7ರಿಂದ 0.8 ಸಾಕು. ‘ಕಂಪನಿ ಸೆಟಿಂಗು ಸಾರ್, ಹಂಗೇ ಹಾಕಿ’ ಅಂದರು ಅಂಗಡಿಯವರು. ಹಾಗೇ ಹಾಕಿದರೂ ಐಡ್ಲಿಂಗ್‌ನಲ್ಲಿ ಗೊತ್ತೇ ಆಗುವುದಿಲ್ಲ. ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಕಿಡಿ ಹಾರಲು ವೋಲ್ಟೇಜ್ ಜಾಸ್ತಿ ಬೇಕು, ಹಳೇ ಕಾಯಿಲ್ ಅಷ್ಟು ಕೊಡದಿದ್ದರೆ ಗಾಡಿ ಅಲ್ಲಿ ಜಗ್ಗುತ್ತದೆ.

ಗ್ಯಾಪ್ ಕಡಿಮೆ ಮಾಡಲು ಪ್ಲಗ್ಗಿನ ಬಾಗಿದ ಕಾಲನ್ನು ಮರದ ಹಲಗೆಗೆ ಮೆಲ್ಲಗೆ ತಟ್ಟಿದೆ. ಒಂದು ತಟ್ಟು, ಒಂದು ಸಲ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು). 0.8ರ ಎಲೆ ಸ್ವಲ್ಪ ಹಿಡಿದು ಹಿಡಿದು ಜಾರಬೇಕು, ಸಡಿಲವಾಗಿ ಓಡಾಡಬಾರದು. ನಡುವಿನ ಎಲೆಕ್ಟ್ರೋಡ್‌ಗೆ ಏನೂ ತಾಗಿಸಬೇಡಿ, ಪಿಂಗಾಣಿ ಬಿರುಕು ಬಿಟ್ಟರೆ ಕಣ್ಣಿಗೂ ಕಾಣುವುದಿಲ್ಲ. ಇರಿಡಿಯಂ ಆದರೆ ಈ ಸಾಹಸವೇ ಬೇಡ, ತುದಿ ಅಷ್ಟು ತೆಳು.

ಕೂರಿಸುವಾಗ ಪೂರ್ತಿ ಕೈಯಲ್ಲೇ ತಿರುಗಿಸಿ. ವಾಷರ್ ತಾಗಿದ ಮೇಲೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು, ಹೆಚ್ಚೆಂದರೆ ಇನ್ನೂ ಸ್ವಲ್ಪ. ಅದು ಹೊಸ ವಾಷರ್‌ಗೆ ಮಾತ್ರ. ಹಳೇದು ಆಗಲೇ ಚಪ್ಪಟೆಯಾಗಿರುತ್ತದೆ, ಅದಕ್ಕೆ ಒಂದಿಷ್ಟು ಬಿಗಿ ಸಾಕು.

ಆಮೇಲೆ ಭರಮಸಾಗರದ ಮೇಲೆ ಚಿತ್ರದುರ್ಗಕ್ಕೆ ಹೋದೆ. ಎದುರುಗಾಳಿಯಲ್ಲೂ ನಾಲ್ಕನೇ ಗೇರಿನಲ್ಲಿ ಜಗ್ಗಲಿಲ್ಲ. ವಾಪಸ್ ಬಂದು, ತಣ್ಣಗಾದ ಮೇಲೆ ಬಿಚ್ಚಿ ನೋಡಿದರೆ ಎರಡು ಪ್ಲಗ್ ತಿಳಿ ಕಂದು, ಅದೇ ಬೇಕಾದ ಬಣ್ಣ. ನಡುವಿನದು ಮಾತ್ರ ಒಂಚೂರು ಕಪ್ಪು. ಮಿಶ್ರಣ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ ಆಗಿದ್ದರೆ ಮೂರೂ ಕಪ್ಪಾಗಬೇಕಿತ್ತು, ಅಲ್ವಾ? ಆ ಸಿಲಿಂಡರಿಗೆ ಕಿಡಿ ಸರಿಯಾಗಿ ಸಿಗುತ್ತಿಲ್ಲವೇನೋ, ಅದರ ಪ್ಲಗ್ ಕೇಬಲ್ ಬದಲಾಯಿಸಿ ನೋಡಬೇಕು.