ಬೇರೆಯವರ ಟೈಮ್‌ಶೇರ್ ರೂಮು ಬಾಡಿಗೆಗೆ ಹಿಡಿಯುವ ಮುಂಚೆ ಮೂರು ಫೋನು ಮಾಡಿ

2023ರ ಡಿಸೆಂಬರ್ ಕೊನೆ ವಾರ. ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನ ಕೌಂಟರ್ ಮುಂದೆ ನಿಂತಿದ್ದೆ. ಹಿಂದೆ ಸೋಫಾದಲ್ಲಿ ಅಮ್ಮ. ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ವಿಜಯನಗರ ಬಿಟ್ಟವರು, ಕಾರಿನಲ್ಲಿ ಕೂತು ಕೂತು ಅವರ ಕಾಲು ಊದಿಕೊಂಡಿತ್ತು. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿದ, ನನ್ನ ಕೈಲಿದ್ದ ವೋಚರ್ ನೋಡಿದ, ಮತ್ತೆ ಕಂಪ್ಯೂಟರ್ ನೋಡಿದ. "ಮೇಡಂ, ಬುಕ್ಕಿಂಗ್ ನಂಬರ್ ಸರಿಯಾಗೇ ಇದೆ. ಆದ್ರೆ ನಾಲ್ಕು ದಿನದ ಹಿಂದೆ ಗೆಸ್ಟ್ ಹೆಸರು ಬದಲಾಗಿದೆ" ಅಂದ.

ನಾಲ್ಕು ರಾತ್ರಿಗೆ 22,000 ರೂಪಾಯಿ ಕೊಟ್ಟಿದ್ದೆ. ಮೂರು ವಾರ ಮೊದಲೇ, ಒಂದೇ ಸಲಕ್ಕೆ. ವೋಚರ್ ನಕಲಿ ಆಗಿರಲಿಲ್ಲ. ಮಾರಿದವರು ಆ ರೆಸಾರ್ಟ್ ಕ್ಲಬ್ಬಿನ ನಿಜವಾದ ಮೆಂಬರೇ, ತಮ್ಮ ಪಾಲಿನ ರಾತ್ರಿಗಳನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ನನ್ನ ಹೆಸರನ್ನು ಸೇರಿಸಿದ್ದೂ ನಿಜ. ಆಮೇಲೆ ಅದನ್ನು ತೆಗೆದು ಇನ್ನೊಬ್ಬರ ಹೆಸರು ಹಾಕಿ, ನನ್ನ ನಂಬರನ್ನು ಬ್ಲಾಕ್ ಮಾಡಿದ್ದರು. ಆ ರಾತ್ರಿ ಮೂರು ಕಡೆ ಅಲೆದು ಕೊನೆಗೆ ಒಂದು ಹೋಂಸ್ಟೇಯಲ್ಲಿ ಜಾಗ ಸಿಕ್ಕಿತು. ಆ ಮನೆಯ ಆಂಟಿ ಅಮ್ಮನ ಕಾಲಿಗೆ ಬಿಸಿನೀರು ಕಾಯಿಸಿ ಕೊಟ್ಟರು.

ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಅಲ್ಲಿ ಮಾಲು ಗೇಟಿನೊಳಗೆ ಬಂದು, ಸ್ಟೋರಿನವರು ಸಹಿ ಹಾಕದೆ ಒಂದು ರೂಪಾಯಿ ಬಿಡಲ್ಲ. ಅದೇ ಪದ್ಧತಿಯನ್ನು ರೂಮು ಹಿಡಿಯುವುದಕ್ಕೂ ತಂದೆ. ಆಮೇಲೆ ನಾಲ್ಕು ಸಲ ಹೀಗೆ ಬೇರೆಯವರ ಟೈಮ್‌ಶೇರ್ ಬಾಡಿಗೆಗೆ ತಗೊಂಡಿದ್ದೇನೆ. ನಾಲ್ಕೂ ಸಲ ಕೀ ಕೈಗೆ ಬಂದಿದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು, ನೀವು ದುಡ್ಡು ಕೊಟ್ಟು ತಗೊಳ್ಳುತ್ತಿರುವುದು ಏನು ಅಂತ ತಿಳಿದಿರಲಿ. ಕ್ಲಬ್ ಮಹೀಂದ್ರಾ, ಸ್ಟರ್ಲಿಂಗ್ ಥರದ ಕಂಪನಿಗಳಲ್ಲಿ ಜನ ಲಕ್ಷಗಟ್ಟಲೆ ಕೊಟ್ಟು ಮೆಂಬರ್ ಆಗಿರುತ್ತಾರೆ. 25 ವರ್ಷದ ಮೆಂಬರ್‌ಶಿಪ್ ತುಂಬಾ ಕಾಮನ್. ವರ್ಷಕ್ಕೆ ಇಷ್ಟು ರಾತ್ರಿ ಅಂತ ಸಿಗುತ್ತದೆ, ಇದನ್ನೇ ಟೈಮ್‌ಶೇರ್ ಅನ್ನುವುದು. ಅವರು ಹೋಗಲಿ ಬಿಡಲಿ, ವರ್ಷ ವರ್ಷ ಎಎಸ್‌ಎಫ್ ಅಂತ ನಿರ್ವಹಣೆ ಶುಲ್ಕ ಕಟ್ಟಲೇಬೇಕು. ಮಕ್ಕಳ ಪರೀಕ್ಷೆ, ರಜೆ ಸಿಗದಿರುವುದು, ಏನೋ ಒಂದು ಕಾರಣಕ್ಕೆ ರಾತ್ರಿಗಳು ಉಳಿದುಬಿಡುತ್ತವೆ. ಅದನ್ನು ಆನ್‌ಲೈನ್ ಮಾರ್ಕೆಟ್‌ನಲ್ಲೋ ಫೇಸ್‌ಬುಕ್ ಗುಂಪಿನಲ್ಲೋ ಬಾಡಿಗೆಗೆ ಹಾಕುತ್ತಾರೆ. ಹೋಟೆಲ್ ರೇಟಿಗಿಂತ ಕಮ್ಮಿಗೆ ನಮಗೆ ಸಿಗುತ್ತದೆ, ಅವರಿಗೆ ಕಟ್ಟಿದ ಶುಲ್ಕದಲ್ಲಿ ಒಂದಿಷ್ಟು ವಾಪಸ್ ಬರುತ್ತದೆ.

ಆದರೆ ರೂಮು ನಿಮ್ಮ ಕೈಗೆ ಬರುವುದಿಲ್ಲ. ಬುಕ್ಕಿಂಗ್ ಮೆಂಬರ್ ಲಾಗಿನ್‌ನಲ್ಲೇ ಇರುತ್ತದೆ. ಅದರಲ್ಲಿ ನಿಮ್ಮ ಹೆಸರು ಗೆಸ್ಟ್ ಅಂತ ಕೂತಿರುತ್ತದೆ, ಅಷ್ಟೇ. ಅವರು ಮನಸ್ಸು ಮಾಡಿದರೆ ಆ ಹೆಸರನ್ನು ಒಂದು ನಿಮಿಷದಲ್ಲಿ ತೆಗೆಯಬಹುದು. ಹಾಗಾಗಿ "ವೋಚರ್ ಬಂತು, ಕೆಲಸ ಆಯ್ತು" ಅಂತ ಅಂದುಕೊಳ್ಳಬೇಡಿ. ವೋಚರ್ ಹೇಳುವುದು ಅದು ಪ್ರಿಂಟ್ ಆದ ದಿನದ ಕಥೆ. ಕೆಲವು ಸೈಟುಗಳಲ್ಲಿ ಜಾಹೀರಾತಿನ ಪಕ್ಕ "ವೆರಿಫೈಡ್" ಅಂತ ಹಸಿರು ಗುರುತು ಇರುತ್ತದಲ್ಲ, ಅದೂ ಹಾಗೇ. ಪರೀಕ್ಷೆ ಮಾಡಿದ ದಿನ ಸರಿ ಇತ್ತು ಅಂತ ಮಾತ್ರ ಅರ್ಥ.

ಇನ್ನೊಂದು ವಿಷಯ ಜನ ಕೇಳುವುದೇ ಇಲ್ಲ. ಆ ಕ್ಲಬ್ಬಿನ ನಿಯಮದಲ್ಲಿ ಹೊರಗಿನವರಿಗೆ ದುಡ್ಡಿಗೆ ಕೊಡಲು ಅವಕಾಶ ಇದೆಯಾ? ಎಷ್ಟೋ ಕಡೆ ನೆಂಟರು, ಸ್ನೇಹಿತರನ್ನು ಕಳಿಸಬಹುದು, ವ್ಯಾಪಾರ ಮಾಡುವಂತಿಲ್ಲ. ಆರ್‌ಸಿಐ ಅಂತ 1974ರಿಂದ ಇರುವ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅದರ ಮೂಲಕ ಮೆಂಬರ್‌ಗಳು ತಮ್ಮ ವಾರ ಕೊಟ್ಟು ಬೇರೆ ಊರಿನ ವಾರ ಬದಲಿಸಿಕೊಳ್ಳುತ್ತಾರೆ. ಹಾಗೆ ಬದಲಿಸಿಕೊಂಡ ವಾರಕ್ಕೆ ಗೆಸ್ಟ್ ಸರ್ಟಿಫಿಕೇಟ್ ಮಾಡಿಸಿ ಸ್ನೇಹಿತರನ್ನು ಕಳಿಸಬಹುದು, ಆದರೆ ಬಾಡಿಗೆಗೆ ಮಾರುವಂತಿಲ್ಲ. ಯಾರಾದರೂ "ಆರ್‌ಸಿಐ ಎಕ್ಸ್‌ಚೇಂಜ್ ವೀಕ್ ಇದೆ, ಚೀಪಾಗಿ ಕೊಡ್ತೀನಿ" ಅಂದರೆ ನಾನು ಅಲ್ಲಿಗೇ ಬಿಡುತ್ತೇನೆ. ಸರಿಯಾದ ಪ್ರಶ್ನೆ ಇದು: "ಈ ರಾತ್ರಿಗಳು ನಿಮ್ಮ ಸ್ವಂತ ಮೆಂಬರ್‌ಶಿಪ್‌ನಿಂದ ಬಂದಿದ್ದಾ? ಬಾಡಿಗೆಗೆ ಕೊಡಬಹುದು ಅಂತ ನಿಯಮದಲ್ಲಿ ಎಲ್ಲಿದೆ, ಕಳಿಸ್ತೀರಾ?" ಪ್ರಾಮಾಣಿಕರು ಆ ಪುಟ ಕಳಿಸುತ್ತಾರೆ. "ಕೌಂಟರಿನಲ್ಲಿ ಕೇಳಿದ್ರೆ ನಮ್ಮ ಕಸಿನ್ ಅಂತ ಹೇಳಿಬಿಡಿ ಮೇಡಂ" ಅಂದರೆ ಬೇಡ. ಬುಕ್ಕಿಂಗ್ ರದ್ದಾದರೆ ರಸ್ತೆಯಲ್ಲಿ ನಿಲ್ಲುವವರು ನೀವು, ಅವರಲ್ಲ.

ಜಾಹೀರಾತು ನೋಡುವಾಗ ಬೆಲೆಯನ್ನು ಸುಮ್ನೆ ನಂಬಬೇಡಿ. ಅದೇ ರೆಸಾರ್ಟು, ಅದೇ ತಾರೀಖಿಗೆ ಹೋಟೆಲ್ ಸೈಟಿನಲ್ಲಿ ಎಷ್ಟಿದೆ ನೋಡಿ. ಸ್ವಲ್ಪ ಕಮ್ಮಿ ಇದ್ದರೆ ಸಹಜ. ದಸರಾ, ಕ್ರಿಸ್‌ಮಸ್ ಥರದ ಸೀಸನ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಹೇಳಿದರೆ ಅನುಮಾನ ಪಡಿ. ಆ ವಾರಗಳು ಮೆಂಬರ್‌ಗಳಿಗೇ ಸುಲಭವಾಗಿ ಸಿಗುವುದಿಲ್ಲ. "ನಾನು ಆರ್ಮಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ" ಅಂತ ಐಡಿ ಕಾರ್ಡಿನ ಫೋಟೋ ತಾವಾಗೇ ಕಳಿಸುವವರ ಕಥೆ ಬೆಂಗಳೂರಿನಲ್ಲಿ ಸೋಫಾ, ಸ್ಕೂಟರ್ ಮಾರಾಟದಲ್ಲೇ ಸಾಕಷ್ಟು ಕೇಳಿದ್ದೇವೆ. ಇಲ್ಲೂ ಅದೇ ಜನ ಬರುತ್ತಾರೆ.

ಈಗ ಫೋನಿನ ವಿಷಯ. ಇದಕ್ಕೆ ಸಮಯ ಕೊಡಿ, ದಯವಿಟ್ಟು.

ಮೊದಲನೇ ಫೋನು ಒಂದು ರೂಪಾಯಿಯೂ ಕೊಡುವ ಮುಂಚೆ. ರೆಸಾರ್ಟಿನ ನಂಬರನ್ನು ಮಾರುವವರ ಹತ್ತಿರ ಕೇಳಬೇಡಿ. ಗೂಗಲ್‌ನಲ್ಲಿ ಮೊದಲು ಕಾಣಿಸಿದ ನಂಬರನ್ನೂ ಒತ್ತಬೇಡಿ, ಕಸ್ಟಮರ್ ಕೇರ್ ಹೆಸರಿನಲ್ಲಿ ಸುಳ್ಳು ನಂಬರ್ ಹಾಕುವುದು ಹಳೇ ಮೋಸ. ಕ್ಲಬ್ಬಿನ ಸ್ವಂತ ವೆಬ್‌ಸೈಟ್‌ಗೆ ಹೋಗಿ ಅಲ್ಲಿರುವ ನಂಬರ್ ತಗೊಳ್ಳಿ. ನೀವೊಬ್ಬರೇ ಫೋನ್ ಮಾಡಿದರೆ "ಮೆಂಬರ್ ಮಾಹಿತಿ ಕೊಡಲ್ಲ ಮೇಡಂ" ಅನ್ನುತ್ತಾರೆ. ಅವರು ಹೇಳುವುದು ಸರಿಯೇ. ಅದಕ್ಕೆ ಕಾನ್ಫರೆನ್ಸ್ ಹಾಕಬೇಕು. ರೆಸಾರ್ಟಿಗೆ ಡಯಲ್ ಮಾಡುವವರು ನೀವೇ ಆಗಿರಬೇಕು, ಆಮೇಲೆ ಮೆಂಬರನ್ನು ಸೇರಿಸಿಕೊಳ್ಳಿ. ಅವರು ಡಯಲ್ ಮಾಡಿದರೆ ಆ ಕಡೆ ಮಾತಾಡುವವರು ರೆಸಾರ್ಟಿನವರೋ, ಅವರ ಗೆಳೆಯನೋ ನಮಗೆ ಗೊತ್ತಾಗುವುದಿಲ್ಲ.

ಲೈನಿನಲ್ಲಿ ಮೂವರೂ ಇದ್ದಾಗ "ನನ್ನ ಹೆಸರಿದೆಯಾ?" ಅಂತ ಕೇಳಬೇಡಿ. ಗದ್ದಲದಲ್ಲಿ "ಹಾಂ ಹಾಂ, ಇದೆ" ಅಂದುಬಿಡುತ್ತಾರೆ. "ಸರ್, ಈ ಬುಕ್ಕಿಂಗಿನಲ್ಲಿ ಗೆಸ್ಟ್ ಹೆಸರು ಏನಿದೆ, ಓದಿ" ಅನ್ನಿ. ಹೆಸರು ಅವರ ಬಾಯಿಂದ ಬರಲಿ. ನಿಮ್ಮ ಆಧಾರ್‌ನಲ್ಲಿರುವ ಹಾಗೇ ಇದೆಯಾ ನೋಡಿ. ಆಮೇಲೆ ತಾರೀಖು. ಆಮೇಲೆ ರೂಮು ಸ್ಟುಡಿಯೋನಾ, ಒಂದು ಬೆಡ್‌ರೂಮಾ, ಎಷ್ಟು ಜನ ಇರಬಹುದು. ನಾವು ಆರು ಜನ ಹೋಗಿ ಸ್ಟುಡಿಯೋ ಸಿಕ್ಕರೆ ಎಕ್ಸ್‌ಟ್ರಾ ಹಾಸಿಗೆಗೆ ದಿನಾ ದುಡ್ಡು ಕಟ್ಟಬೇಕು. ಗೆಸ್ಟ್ ಚಾರ್ಜ್ ಇದೆಯಾ, ಅದು ಕಟ್ಟಿ ಆಗಿದೆಯಾ? ಮೆಂಬರ್‌ನ ಎಎಸ್‌ಎಫ್ ಬಾಕಿ ಇದೆಯಾ? ಬಾಕಿ ಇದ್ದರೆ ಬುಕ್ಕಿಂಗ್ ನಿಂತುಹೋಗಬಹುದು.

ಕೊನೆಯದು ಎಲ್ಲಕ್ಕಿಂತ ಮುಖ್ಯ: "ಯಾವ ತಾರೀಖಿನ ಮೇಲೆ ಕ್ಯಾನ್ಸಲ್ ಮಾಡಿದರೆ ಮೆಂಬರ್‌ಗೆ ಆ ರಾತ್ರಿಗಳು ವಾಪಸ್ ಸಿಗಲ್ಲ?" ಕ್ಲಬ್ಬಿನಿಂದ ಕ್ಲಬ್ಬಿಗೆ ಈ ತಾರೀಖು ಬೇರೆ. ಅದು ದಾಟಿದ ಮೇಲೆ ರದ್ದು ಮಾಡಿ ಅವರಿಗೆ ಲಾಭ ಇಲ್ಲ. ಅಲ್ಲಿಯವರೆಗೆ ನಿಮ್ಮ ದೊಡ್ಡ ದುಡ್ಡು ನಿಮ್ಮ ಹತ್ತಿರವೇ ಇರಲಿ.

ಎರಡನೇ ಫೋನು ಆ ತಾರೀಖು ದಾಟಿದ ಮರುದಿನ. ಅದೇ ಪ್ರಶ್ನೆಗಳು, ಮತ್ತೆ ಹೆಸರು ಓದಿಸಿ. ಮೂರನೇ ಫೋನು ಹೊರಡುವ ದಿನದ ಹಿಂದಿನ ಸಂಜೆ. ಹೆಸರು ಬದಲಾಯಿಸುವುದು ಆಗಲೂ ಸಾಧ್ಯ, ನನಗೆ ಆಗಿದ್ದೂ ಅದೇ. ಈ ಒಂದು ಫೋನು ಅವತ್ತು ಮಾಡಿದ್ದರೆ ನಾನು ಅಮ್ಮನನ್ನು ಕಾರು ಹತ್ತಿಸುತ್ತಲೇ ಇರಲಿಲ್ಲ.

ದುಡ್ಡನ್ನು ಈ ಮೂರು ಫೋನಿಗೆ ಕಟ್ಟಿಹಾಕಿ. ಊಟಿಗೆ ಹೋದಾಗ ಒಟ್ಟು 18,000ಕ್ಕೆ ಮಾತಾಗಿತ್ತು. ಮೊದಲನೇ ಫೋನ್ ಆದ ಮೇಲೆ 5,000, ಎರಡನೆಯದು ಆದ ಮೇಲೆ 8,000, ಉಳಿದ 5,000 ಕೌಂಟರಿನಲ್ಲಿ ಕೀ ಕೈಗೆ ಬಂದ ಮೇಲೆ. ಆ ಮೆಂಬರ್ ಮೊದಲು ಹಿಂಜರಿದರು. ಅದೂ ನ್ಯಾಯವೇ, ನಾನು ಕೀ ತಗೊಂಡು ಕೈ ಎತ್ತಿದರೆ ಅವರ ಗತಿ? ಅದಕ್ಕೆ ಅವರ ಪೂರ್ತಿ ಮಾತು ಕೇಳಿದೆ, ನನ್ನ ಮಡಿಕೇರಿ ಕಥೆ ಹೇಳಿದೆ, ಒಪ್ಪಿದರು. ಕೌಂಟರಿನಲ್ಲೇ ನಿಂತು ಕೊನೇ ಕಂತು ಹಾಕಿದೆ. ತಕ್ಷಣ ಮೆಸೇಜ್ ಬಂತು: "ಅಮ್ಮನಿಗೆ ಕೆಳಗಿನ ಮಹಡಿ ರೂಮು ಕೇಳಿ ಮೇಡಂ, ಅಲ್ಲಿ ಮೆಟ್ಟಿಲು ಜಾಸ್ತಿ." ದುಡ್ಡು ಹಿಡಿದು ಇಟ್ಟುಕೊಂಡು ಚೆಕ್-ಇನ್ ಆದ ಮೇಲೆ ಮಾಲೀಕರಿಗೆ ಕೊಡುವ ಸೈಟ್ ಸಿಕ್ಕರೆ ಇನ್ನೂ ಒಳ್ಳೆಯದು, ಕಮಿಷನ್ ಹೋದರೂ ಹೋಗಲಿ. ಆದರೆ ಆ ಸೈಟಿನ ಒಳಗೇ ಕಟ್ಟಿ. "ಹೊರಗಡೆ ಹಾಕಿ, ಕಮಿಷನ್ ಉಳಿಯುತ್ತೆ" ಅಂದರೆ ಆ ಕಾವಲು ಹೋಯಿತು.

ಕಳಿಸುವಾಗ ಯುಪಿಐನಲ್ಲಿ ಬ್ಯಾಂಕಿನಲ್ಲಿರುವ ಹೆಸರು ಕಾಣಿಸುತ್ತದೆ. ಅದು ವೋಚರ್‌ನಲ್ಲಿರುವ ಮೆಂಬರ್ ಹೆಸರೇ ಆಗಿರಬೇಕು. "ನಮ್ಮ ಭಾವನ ಅಕೌಂಟಿಗೆ ಹಾಕಿ" ಅಂದರೆ ಹಾಕಬೇಡಿ. ಮೊದಲು ಒಂದು ರೂಪಾಯಿ ಕಳಿಸಿ, ಬಂತು ಅಂತ ಅವರು ಹೇಳಿದ ಮೇಲೆ ಉಳಿದದ್ದು. ಅಡ್ವಾನ್ಸ್ ವಾಪಸ್ ಕೊಡುತ್ತೇನೆ ಅಂತ ಕ್ಯೂಆರ್ ಕೋಡ್ ಕಳಿಸಿದರೆ ಸ್ಕ್ಯಾನ್ ಮಾಡಬೇಡಿ. ದುಡ್ಡು ಬರಲು ಪಿನ್ ಒತ್ತಬೇಕಿಲ್ಲ. ಗೆಸ್ಟ್ ಹೆಸರು ಸೇರಿಸಲು ಆಧಾರ್ ಕೇಳಿದರೆ ಕೊನೇ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಚೆಕ್-ಇನ್‌ಗೆ ದೊಡ್ಡವರೆಲ್ಲರ ಅಸಲಿ ಐಡಿ ಒಯ್ಯಿರಿ. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲ, ಅದನ್ನು ಎಷ್ಟೋ ಕಡೆ ಒಪ್ಪಲ್ಲ.

ಒಪ್ಪಂದ ಅಂತ ದೊಡ್ಡದಾಗಿ ಏನೂ ಬೇಡ. ವಾಟ್ಸಾಪ್‌ನಲ್ಲಿ ಒಂದೇ ಮೆಸೇಜ್ ಸಾಕು: ರೆಸಾರ್ಟು, ತಾರೀಖು, ರೂಮು, ಬುಕ್ಕಿಂಗ್ ನಂಬರ್, ಒಟ್ಟು ಎಷ್ಟು, ಯಾವಾಗ ಎಷ್ಟು, ಗೆಸ್ಟ್ ಚಾರ್ಜ್ ಯಾರದು, ಅವರ ಕಡೆಯಿಂದ ರದ್ದಾದರೆ ಎಷ್ಟು ದಿನದಲ್ಲಿ ಪೂರ್ತಿ ವಾಪಸ್. ಅವರು "ಒಪ್ಪಿದ್ದೇನೆ" ಅಂತ ಬರೆಯಲಿ. ಊಟ ಸೇರಿದೆಯಾ ಅಂತಲೂ ಬರೆಸಿಕೊಳ್ಳಿ. ಸಾಮಾನ್ಯವಾಗಿ ಸೇರಿರುವುದಿಲ್ಲ, ಮತ್ತು ಬೆಟ್ಟದ ಮೇಲಿನ ರೆಸಾರ್ಟಿನಲ್ಲಿ ಊಟದ ಬಿಲ್ಲೇ ಜೋರಾಗಿ ಬರುತ್ತದೆ.

ನಿಮ್ಮದೇ ಮೆಂಬರ್‌ಶಿಪ್ ಇದ್ದು ಬಾಡಿಗೆಗೆ ಕೊಡುವವರಾದರೆ ಒಂದೇ ಮಾತು. "ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ರೆಡಿ ಇದ್ದಾರೆ, ಪ್ರೊಸೆಸಿಂಗ್ ಫೀಸ್, ಜಿಎಸ್‌ಟಿ ಮೊದಲು ಕಟ್ಟಿ" ಅಂತ ಫೋನ್ ಬರುತ್ತದೆ. ಮಾರಿಕೊಡುವವರಿಗೆ ಮುಂಚೆ ದುಡ್ಡು ಕೊಡಬೇಡಿ.

ಇಷ್ಟೆಲ್ಲ ಮಾಡಿಯೂ ಮೋಸ ಆಯಿತು ಅಂತ ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಗೆ ಬಂದ ಮೇಲೆ ನೋಡೋಣ ಅನ್ನಬೇಡಿ. ದುಡ್ಡು ಆ ಖಾತೆಯಲ್ಲಿ ಇನ್ನೂ ಇದ್ದರೆ ತಡೆಹಿಡಿಯಲು ಆಗುತ್ತದೆ, ಮುಂದಕ್ಕೆ ಹೋದರೆ ಕಷ್ಟ. ಯುಪಿಐನ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ), ಚಾಟ್, ಜಾಹೀರಾತಿನ ಸ್ಕ್ರೀನ್‌ಶಾಟ್ ಕೈಲಿರಲಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಬೆಂಗಳೂರಿನಲ್ಲಿ ಇಂಥ ದೂರಿಗೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗಳಿವೆ, ನಿಮ್ಮ ಏರಿಯಾ ಯಾವುದಕ್ಕೆ ಸೇರುತ್ತದೆ ಅಂತ ಹತ್ತಿರದ ಠಾಣೆಯಲ್ಲಿ ಹೇಳುತ್ತಾರೆ. ನಾನೂ ದೂರು ಕೊಟ್ಟೆ. ದುಡ್ಡು ಹೋಗಿ ಆಗಲೇ ಮೂರು ವಾರ ದಾಟಿತ್ತು, ಆ ಖಾತೆಯಲ್ಲಿ ಏನೂ ಉಳಿದಿರಲಿಲ್ಲ.