ಒಂದೇ ದಿನದಲ್ಲಿ ಸ್ವಿಸ್ ಆಲ್ಪ್ಸ್‌ನ ಮೂರು ಘಾಟಿ ಸುತ್ತುವುದು ಹೇಗೆ?

ನಮ್ಮ ಮುಳ್ಳಯ್ಯನಗಿರಿಯ ಎತ್ತರ 1930 ಮೀಟರ್. ಗ್ರಿಮ್‌ಸೆಲ್ (2164), ಫುರ್ಕಾ (2429), ಸುಸ್ಟೆನ್ (2224), ಈ ಮೂರೂ ಘಾಟಿಗಳಲ್ಲಿ ಅದಕ್ಕಿಂತ ಎತ್ತರಕ್ಕೆ ಕಾರೇ ಹತ್ತುತ್ತದೆ! ಒಟ್ಟು ಸುತ್ತು ಸುಮಾರು 120 ಕಿ.ಮೀ. ಅಷ್ಟೇ, ಆದರೆ ಇಡೀ ದಿನ ಇಟ್ಟುಕೊಳ್ಳಿ.

ಮೊದಲು ತಿಂಗಳು ನೋಡಿ. ಚಳಿಗಾಲದಲ್ಲಿ ಹಿಮ ಬಿದ್ದು ಮೂರೂ ರಸ್ತೆ ಮುಚ್ಚಿರುತ್ತವೆ. ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತವೆ, ಹೊರಡುವ ದಿನ ಬೆಳಗ್ಗೆ ಮತ್ತೊಮ್ಮೆ ವಿಚಾರಿಸಿಕೊಳ್ಳಿ. ಜುಲೈ ಆದರೂ ಸ್ವೆಟರ್ ಇರಲಿ.

ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಇಟ್ಟುಕೊಳ್ಳಿ. ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು, ಅದು ಅಲ್ಲಿನ ಕಾನೂನು. ಮೋಟರ್‌ವೇಯಲ್ಲಿ ಬರುವವರಿಗೆ 40 ಫ್ರಾಂಕ್‌ನ ವಿನ್ಯೆಟ್ (ಮೋಟರ್‌ವೇ ಸುಂಕ ಕಟ್ಟಿದ ಗುರುತು) ಬೇಕು, ಬಾಡಿಗೆ ಕಾರಿಗೆ ಅದು ಇದೆಯಾ ಅಂತ ಕೀಲಿ ತಗೊಳ್ಳುವಾಗಲೇ ಕೇಳಿ. ಪೆಟ್ರೋಲ್ ಕೆಳಗೇ ತುಂಬಿಸಿ.

ಸುತ್ತು ಶುರುವಾಗುವ ಇನ್‌ನರ್ಟ್‌ಕಿರ್ಖೆನ್ ಊರಿನಿಂದ ಬೇಗ ಹೊರಟು ಗುಟ್ಟಾನೆನ್ ದಾಟಿ ಗ್ರಿಮ್‌ಸೆಲ್ ಹತ್ತಿ. ಆಚೆ ಬದಿಗೆ ಇಳಿದರೆ ಗ್ಲೆಚ್. ಅಲ್ಲಿಂದ ಫುರ್ಕಾ ಏರುವಾಗ ರೋನ್ ಹಿಮನದಿ ಕಾಣುತ್ತದೆ, ಇಲ್ಲಿ ಮಾತ್ರ ಖಂಡಿತ ನಿಲ್ಲಿಸಿ. 19ನೇ ಶತಮಾನದ ಮಧ್ಯದಲ್ಲಿ ಈ ಹಿಮ ಗ್ಲೆಚ್ ಹತ್ತಿರದವರೆಗೂ ಚಾಚಿತ್ತು, ಈಗ ತುಂಬಾ ಮೇಲಕ್ಕೆ ಸರಿದಿದೆ, ಕರಗುವುದು ನಿಧಾನವಾಗಲಿ ಅಂತ ಬೇಸಿಗೆಯಲ್ಲಿ ಒಂದಷ್ಟು ಭಾಗಕ್ಕೆ ಬಿಳಿ ಹೊದಿಕೆ ಹೊದಿಸುತ್ತಾ ಬಂದಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಆ ಹಿಮ ಎಲ್ಲಿಯವರೆಗೆ ಇತ್ತು ಅಂತ ಮೇಲಿನಿಂದಲೇ ತೋರಿಸಿ.

ಇಳಿಜಾರಿನಲ್ಲಿ ಜಾಸ್ತಿ ಎಚ್ಚರ ಬೇಕು. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ, ದಯವಿಟ್ಟು ಬೇಡ. ಸುಮ್ನೆ ಬ್ರೇಕ್ ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿಯುವುದೇ ಇಲ್ಲ. ಎರಡನೇ ಗೇರ್‌ಗೆ ಹಾಕಿ, ಎಂಜಿನ್ನೇ ಕಾರನ್ನು ತಡೆಯಲಿ. ರಸ್ತೆ ಕಿರಿದಾದಲ್ಲಿ ಹತ್ತುವವರಿಗೆ ದಾರಿ ಬಿಡಿ. ಹಳದಿ ಪೋಸ್ಟ್‌ಬಸ್ಸು (ಅಲ್ಲಿನ ಸಾರ್ವಜನಿಕ ಬಸ್ಸು) ತಿರುವಿನಾಚೆ ಮೂರು ಸ್ವರದ ಹಾರ್ನ್ ಬಾರಿಸಿದರೆ ಕಾರನ್ನು ಬದಿಗೆ ಸರಿಸಿ ನಿಲ್ಲಿಸಿ, ದೊಡ್ಡ ಬಸ್ಸಿಗೆ ಆ ತಿರುವು ಪೂರ್ತಿ ಬೇಕಾಗುತ್ತದೆ ಅಲ್ವಾ? ಹಿಂದಿನವರು ಅವಸರ ಮಾಡಿದರೆ ಜಾಗ ಸಿಕ್ಕಲ್ಲಿ ಅವರನ್ನು ಮುಂದೆ ಬಿಡಿ.

ಊಟ ಆಂಡರ್‌ಮಾಟ್‌ನಲ್ಲಿ. ಆಮೇಲೆ ಗೋಶೆನೆನ್ ಮೇಲೆ ವಾಸೆನ್‌ಗೆ ಬಂದು ಎಡಕ್ಕೆ ತಿರುಗಿದರೆ ಸುಸ್ಟೆನ್ ಶುರು. ತುದಿಯ ಸುರಂಗ ದಾಟಿದ ಮೇಲೆ ಕೆಳಗೆ ಸ್ಟೈನ್ ಹಿಮನದಿಯ ಕೆರೆ ಕಾಣುತ್ತದೆ. ಥರ್ಮಸ್‌ನಲ್ಲಿ ಚಹಾ ಉಳಿದಿದ್ದರೆ ಅಲ್ಲೇ ಕುಡಿಯಿರಿ, ಗಾಡ್‌ಮೆನ್ ಹಳ್ಳಿ ದಾಟಿದರೆ ಹೊರಟ ಊರು ಹತ್ತಿರವೇ.