ಜ್ಯಾಕ್ ಕೆಚ್‌ನ ಕಥೆಯನ್ನು ಕ್ಲಾಸಿನಲ್ಲಿ ಹೇಳುವ ಬಗೆ

ಕೊಡಲಿಯಿಂದ ಶುರು ಮಾಡಬೇಡಿ. ಗದಗಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು ನಾನು. ಈ ಪಾಠವನ್ನು ಯಾವಾಗಲೂ ಸಂಗೊಳ್ಳಿ ರಾಯಣ್ಣನಿಂದಲೇ ಎತ್ತಿಕೊಳ್ಳುತ್ತೇನೆ. 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ನಮ್ಮ ಮಕ್ಕಳಿಗೆ ಲಾವಣಿ ಕೇಳಿಯೇ ಗೊತ್ತು. ನರಗುಂದದ ಬಾಬಾಸಾಹೇಬರನ್ನು 1858ರಲ್ಲಿ ಬೆಳಗಾವಿಯಲ್ಲಿ ನೇಣಿಗೆ ಹಾಕಿದ್ದೂ ಗೊತ್ತು. ಹಗ್ಗ ಹಾಕಿದವನ ಹೆಸರೇನು ಅಂತ ಕೇಳಿ. ಯಾರೂ ಹೇಳಲ್ಲ. ಆಮೇಲೆ ಕೆಚ್‌ನ ಹೆಸರು ತನ್ನಿ.

ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಕಾಲದ ಲಂಡನ್ನಿನಲ್ಲಿ ಗಲ್ಲಿಗೇರಿಸುವುದು ಇವನ ಕೆಲಸ. ದಿನದ ಕೆಲಸವೆಲ್ಲ ಊರಿನ ಗಲ್ಲಿನ ಜಾಗವಾದ ಟೈಬರ್ನ್‌ನಲ್ಲಿ, ಹಗ್ಗದಿಂದ. ಕೊಡಲಿ ದೊಡ್ಡ ಮನೆತನದವರಿಗೆ, ಅದೂ ಅಪರೂಪಕ್ಕೆ. ಇದನ್ನು ಮೊದಲೇ ಹೇಳಿಬಿಡಿ. ಮುಂದಿನದು ಅರ್ಥವಾಗಲು ಇದು ಬೇಕೇ ಬೇಕು.

1683ರಲ್ಲಿ, ದೊರೆಯ ವಿರುದ್ಧ ಸಂಚಿನ ಆರೋಪ ಹೊತ್ತ ಲಾರ್ಡ್ ರಸೆಲ್‌ನ ತಲೆ ಒಂದೇ ಏಟಿಗೆ ಬೀಳಲಿಲ್ಲ. ಜನ ರೊಚ್ಚಿಗೆದ್ದರು. ಕೆಚ್ ಹೆಸರಿನಲ್ಲಿ ಒಂದು ಕರಪತ್ರವೇ ಹೊರಬಂತು. ರಸೆಲ್ ಸರಿಯಾಗಿ ತಲೆ ಇಡಲಿಲ್ಲ ಎಂಬುದು ಅದರ ವಾದ. ಎರಡು ವರ್ಷದ ಮೇಲೆ ಲಂಡನ್ನಿನ ಟವರ್ ಹಿಲ್‌ನಲ್ಲಿ, ಹೊಸ ದೊರೆಯ ವಿರುದ್ಧ ದಂಗೆಯೆದ್ದ ಮನ್ಮತ್ ಡ್ಯೂಕನ ಸರದಿ. ರಸೆಲ್‌ಗೆ ಆದಂತೆ ತನಗೆ ಆಗದಿರಲೆಂದು ಅವನು ಕೆಚ್‌ಗೆ ಆರು ಗಿನಿ ಚಿನ್ನದ ನಾಣ್ಯ ಕೊಟ್ಟ. ಆದರೂ ಹಾಗೇ ಆಯಿತು. ಐದು ಏಟು ಎಂದು ಕೆಲವರು ಬರೆದರೆ ಎಂಟು ಎಂದು ಬರೆದವರೂ ಇದ್ದಾರೆ. ಎರಡನ್ನೂ ಬೋರ್ಡಿನ ಮೇಲೆ ಬರೆಯಿರಿ. ನೋಡಿದವರ ಲೆಕ್ಕ ಯಾಕೆ ಬೇರೆಯಾಯಿತು ಅಂತ ಮಕ್ಕಳೇ ಮಾತಾಡಲಿ. ರಕ್ತದ ವರ್ಣನೆ ಬೇಡ, ಹಿಂದಿನ ಬೆಂಚಿನವರು ಎಷ್ಟು ಒತ್ತಾಯಿಸಿದರೂ ಬೇಡ.

1686ರ ಸಂಗತಿ ಬೇಗ ಮುಗಿಸಿ. ಶೆರಿಫ್‌ಗೆ ಅಗೌರವ ತೋರಿದ್ದಕ್ಕೆ ಕೆಚ್ ಜೈಲು ಸೇರಿದ. ಅವನ ಜಾಗಕ್ಕೆ ಬಂದ ಪಾಸ್ಕಾ ರೋಸ್ ಕೆಲವೇ ತಿಂಗಳಲ್ಲಿ ತಾನೇ ಟೈಬರ್ನ್‌ನಲ್ಲಿ ನೇಣಿಗೇರಿದ. ಕೆಚ್ ಮತ್ತೆ ಕೆಲಸಕ್ಕೆ ಬಂದ, ಅದೇ ವರ್ಷ ಸತ್ತ. ಮುಂದೆ ಇಂಗ್ಲೆಂಡಿನ ಜನ ಯಾವ ಹ್ಯಾಂಗ್‌ಮನ್ ಬಂದರೂ ಇದೇ ಹೆಸರಿನಿಂದ ಕರೆದರು. ಪಂಚ್ ಎಂಬ ತುಂಟ ಗೊಂಬೆಯೇ ನಾಯಕನಾದ ಅಲ್ಲಿನ ಗೊಂಬೆಯಾಟದಲ್ಲೂ ಕೆಚ್ ಒಬ್ಬ ಗೊಂಬೆಯಾದ. ಅಲ್ಲಿ ಪಂಚ್ ಅವನನ್ನೇ ನೇಣಿಗೆ ಸಿಕ್ಕಿಸುತ್ತಾನೆ. ಈ ಭಾಗಕ್ಕೆ ಮಕ್ಕಳು ನಗುತ್ತಾರೆ, ನಗಲಿ.

ನಗು ನಿಂತ ಮೇಲೆ ಇನ್ನೊಂದು ಹೆಸರು ಬೋರ್ಡಿಗೆ ಬರಲೇಬೇಕು: ಚಾರ್ಲ್ಸ್ ಆದಮೇಲೆ ಬಂದ ಆ ಹೊಸ ದೊರೆ, ಎರಡನೇ ಜೇಮ್ಸ್. ಮನ್ಮತ್ ಅವನ ಅಣ್ಣನ ಮಗ. ಅವನು ಕಾಲಿಗೆ ಬಿದ್ದು ಬೇಡಿಕೊಂಡರೂ ಈ ದೊರೆ ಕ್ಷಮಿಸಲಿಲ್ಲ. ಬೈಗುಳವೆಲ್ಲ ಕೂಲಿಯವನ ತಲೆಗೆ ಬಂತು, ಅಪ್ಪಣೆ ಕೊಟ್ಟವನು ಪಾರಾದ ಅನ್ನುವುದು ನನ್ನ ಅಭಿಪ್ರಾಯ. ಅದನ್ನು ನಾನು ಕ್ಲಾಸಿನಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ‘ಕೆಚ್ ಕ್ರೂರಿಯೋ, ಕೈ ಪಳಗದವನೋ, ದೊರೆಯ ಪಾಲೆಷ್ಟು?’ ಅಂತ ಮನೆಗೆಲಸ ಕೊಡುತ್ತೇನೆ. ಒಂದು ಪುಟ ಸಾಕು, ಕಾರಣ ಮಾತ್ರ ಇರಲೇಬೇಕು.